ಅಳಿಸಿದರೂ ಮರಳುವ ಚೆಕ್ ಎಂಜಿನ್ ದೀಪ: ಟರ್ಬೊಗೆ ಕೈ ಹಾಕುವ ಮುನ್ನ

ಪ್ರಶ್ನೆ: ನನ್ನದು 2.5 ಲೀಟರ್ ಡೀಸೆಲ್ ಟರ್ಬೊ ಎಂಜಿನ್ನಿನ ಪಿಕಪ್ ಟ್ರಕ್. ಸರಕು ತುಂಬಿಕೊಂಡು ಏರು ಹತ್ತುವಾಗ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ, ಗಾಡಿಯ ಶಕ್ತಿ ಕುಸಿಯುತ್ತದೆ. ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಶಕ್ತಿ ಮರಳುತ್ತದೆ, ದೀಪ ಮಾತ್ರ ಹಾಗೆಯೇ ಉಳಿಯುತ್ತದೆ. ಗ್ಯಾರೇಜಿನಲ್ಲಿ ಪ್ರತಿ ಸಲವೂ ಕೋಡ್ ಅಳಿಸಿ ಕಳುಹಿಸುತ್ತಾರೆ. ಕೆಲವು ದಿನಗಳಲ್ಲಿ ಮತ್ತೆ ಅದೇ ಕಥೆ. ಪ್ರತಿ ಸಲ ಪಿ0299, ಒಂದೆರಡು ಸಲ ಪಿ0401 ಕೂಡ ಬಂದಿದೆ. ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಮತ್ತು ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವ್ ಬದಲಿಸಿದ್ದಾಯಿತು. ಈಗ ಟರ್ಬೊ ಬದಲಿಸಬೇಕು ಎನ್ನುತ್ತಿದ್ದಾರೆ. ಬದಲಿಸಲೇ? ಅಲ್ಲಿಯವರೆಗೆ ಸರಕು ಹೊರಿಸಬಹುದೇ?

ಉತ್ತರ: ಟರ್ಬೊ, ಅಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ನೂಕುವ ಯಂತ್ರವನ್ನು, ಸದ್ಯಕ್ಕೆ ಬದಲಿಸಬೇಡಿ. ನೀವು ಬರೆದಿರುವ ಲಕ್ಷಣಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನ್ನ ಮೊದಲ ಅನುಮಾನ ಟರ್ಬೊ ಮತ್ತು ಎಂಜಿನ್ ನಡುವಿನ ಗಾಳಿಯ ಹಾದಿಯ ಮೇಲೆ: ಎಲ್ಲೋ ಸೀಳಿದ ರಬ್ಬರ್ ಹೋಸ್, ಸಡಿಲವಾದ ಕ್ಲಾಂಪ್, ಇಲ್ಲವೇ ಬಿರುಕು ಬಿಟ್ಟ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ). ಈ ಅನುಮಾನ ಸರಿಯೋ ತಪ್ಪೋ ಎಂದು ತಿಳಿಯಲು ಹೊಸ ಬಿಡಿಭಾಗ ಏನೂ ಬೇಕಿಲ್ಲ. ದೀಪ ಹೊತ್ತಿದ ಕ್ಷಣದಲ್ಲಿ ಗಾಡಿಯ ಕಂಪ್ಯೂಟರ್ ತಾನಾಗಿಯೇ ಬರೆದಿಟ್ಟುಕೊಳ್ಳುವ ಕೆಲವು ಅಂಕಿಗಳು ಸಾಕು. ನಿಮ್ಮ ವಿಷಯದಲ್ಲಿ ಆಗಿರುವ ಅನಾಹುತವೆಂದರೆ, ಕೋಡ್ ಅಳಿಸಿದಾಗಲೆಲ್ಲ ಆ ಅಂಕಿಗಳೂ ಅದರ ಜೊತೆಗೇ ಅಳಿದುಹೋಗಿವೆ.

ದೀಪ ಹೊತ್ತುವುದಕ್ಕೂ ಆರುವುದಕ್ಕೂ ಒಂದು ಲೆಕ್ಕವಿದೆ. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ, ಗಾಡಿಯ ಕಂಪ್ಯೂಟರ್ ದೋಷಗಳನ್ನು ತಾನೇ ಪತ್ತೆಹಚ್ಚುವ ಓಬಿಡಿ-2 ಪದ್ಧತಿಯನ್ನು ಬೇರೆ ಬೇರೆ ದೇಶಗಳು ಆಮೇಲೆ ತಮ್ಮ ತಮ್ಮ ರೂಪದಲ್ಲಿ ಅಳವಡಿಸಿಕೊಂಡವು. ಅದರಂತೆ, ಹೊಗೆಯ ಮಾಲಿನ್ಯಕ್ಕೆ ಸಂಬಂಧಿಸಿದ ಹೆಚ್ಚಿನ ದೋಷಗಳಿಗೆ ಕಂಪ್ಯೂಟರ್ ಮೊದಲ ಸಲಕ್ಕೇ ದೀಪ ಹೊತ್ತಿಸುವುದಿಲ್ಲ. ಮೊದಲು ಕಂಡಾಗ ‘ಪೆಂಡಿಂಗ್’ ಎಂದು ಗುರುತು ಹಾಕಿಕೊಳ್ಳುತ್ತದೆ; ಮುಂದಿನ ಓಟದಲ್ಲೂ ಅದೇ ದೋಷ ಕಂಡರೆ ದೀಪ. ಆಮೇಲೆ ಸತತ 3 ಓಟಗಳಲ್ಲಿ ಪರೀಕ್ಷೆ ನಡೆದು ದೋಷ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ. ಆದರೆ ಕೋಡ್ ಸ್ಮರಣೆಯಲ್ಲಿ ಉಳಿದಿರುತ್ತದೆ. ಎಂಜಿನ್ ಸುಮಾರು 40 ಸಲ ತಣ್ಣಗಿನಿಂದ ಬಿಸಿಗೆ ಬಂದ ಮೇಲೆ ಮಾತ್ರ ಅಳಿಯುತ್ತದೆ. ಈ ಪರೀಕ್ಷೆಗಳು ಎಲ್ಲ ಹೊತ್ತಿನಲ್ಲೂ ನಡೆಯುವುದಿಲ್ಲ ಎನ್ನುವುದು ಮುಖ್ಯ. ಟರ್ಬೊ ಒತ್ತಡದ ಪರೀಕ್ಷೆಗೆ ಎಂಜಿನ್ ಮೇಲೆ ಹೊರೆ ಬೀಳಬೇಕು. ಖಾಲಿ ಗಾಡಿಯಲ್ಲಿ, ಸಮತಟ್ಟಾದ ರಸ್ತೆಯಲ್ಲಿ ಓಡಾಡಿದರೆ ಆ ಪರೀಕ್ಷೆಗೆ ಸಂದರ್ಭವೇ ಒದಗುವುದಿಲ್ಲ. ಹೀಗಾಗಿ ನಿಮ್ಮ ದೀಪ ಕೆಲವು ದಿನ ಸುಮ್ಮನಿದ್ದು ಮರಳುತ್ತಿದೆ ಎಂದರೆ ದುರಸ್ತಿ ಅಷ್ಟು ದಿನ ನಿಂತಿತು ಎಂದಲ್ಲ. ಸರಕು ಹೊತ್ತು ಏರು ಹತ್ತುವ ಮುಂದಿನ ಸಂದರ್ಭ ಬರಲು ಅಷ್ಟು ದಿನ ಹಿಡಿಯಿತು, ಅಷ್ಟೇ.

ಪಿ0299 ಹೇಳುವುದಿಷ್ಟು: ಕಂಪ್ಯೂಟರ್ ಕೇಳಿದಷ್ಟು ಟರ್ಬೊ ಒತ್ತಡ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ತಲುಪಲಿಲ್ಲ. ಟರ್ಬೊ ಕೆಟ್ಟಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಒತ್ತಡವನ್ನು ಅಳೆಯುವುದು ಟರ್ಬೊದ ಬಾಯಲ್ಲಲ್ಲ, ಹಲವು ಪೈಪು, ಒಂದು ಇಂಟರ್‌ಕೂಲರ್ ದಾಟಿದ ಮೇಲೆ, ಎಂಜಿನ್ನಿನ ಹೊಸ್ತಿಲಲ್ಲಿರುವ ಮ್ಯಾಪ್ ಸೆನ್ಸರ್ ಹತ್ತಿರ. ನಡುದಾರಿಯಲ್ಲಿ ಗಾಳಿ ಸೋರಿದರೂ ಅದೇ ಕೋಡ್, ಟರ್ಬೊ ಸೋಮಾರಿಯಾದರೂ ಅದೇ ಕೋಡ್, ಸೆನ್ಸರ್ ಸುಳ್ಳು ಹೇಳಿದರೂ ಅದೇ ಕೋಡ್. ಶಕ್ತಿ ಕುಸಿಯುವುದು ಕಂಪ್ಯೂಟರ್ ಬೇಕೆಂದೇ ಮಾಡುವ ಕೆಲಸ. ಗಾಳಿ ಸಾಲದಾಗ ಡೀಸೆಲ್ ಸುರಿದರೆ ಹೊಗೆ ಮತ್ತು ಶಾಖ ಎರಡೂ ಏರುತ್ತವೆ ಎಂದು ಎಂಜಿನ್ನನ್ನು ಕಾಪಾಡಲು ಅದು ಡೀಸೆಲ್ ಕಡಿತ ಮಾಡುತ್ತದೆ.

ಪಿ0401 ಎಂದರೆ ಇಜಿಆರ್ ಹರಿವು ಸಾಲದು. ಈ ಎರಡನೆಯ ಕೋಡ್ ಬಂದಿದ್ದೇ ನನ್ನ ಅನುಮಾನವನ್ನು ಪೈಪುಗಳ ಕಡೆಗೆ ತಿರುಗಿಸಿತು. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಇಜಿಆರ್ ಹರಿವನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವುದಿಲ್ಲ. ಇಜಿಆರ್ ತೆರೆದಾಗ ಸುಟ್ಟ ಹೊಗೆ ಒಳಬರುವಷ್ಟು ಪ್ರಮಾಣದಲ್ಲಿ ಹೊಸ ಗಾಳಿ ಕಡಿಮೆಯಾಗಬೇಕು. ಆ ಇಳಿತವನ್ನು ಮಾಸ್ ಏರ್‌ಫ್ಲೋ ಸೆನ್ಸರಿನ ಅಳತೆಯಿಂದ ಕಂಪ್ಯೂಟರ್ ಊಹಿಸುತ್ತದೆ. ಈಗ ಟರ್ಬೊ ಆಚೆಗಿನ ಹೋಸ್ ಸೀಳಿದೆ ಎಂದುಕೊಳ್ಳಿ. ಸೆನ್ಸರ್ ದಾಟಿ ಬಂದ ಗಾಳಿಯಲ್ಲಿ ಒಂದು ಪಾಲು ಎಂಜಿನ್ ತಲುಪದೆ ಹೊರಗೆ ಹೋಗುತ್ತದೆ. ಸೆನ್ಸರ್ ಮಾತ್ರ ಅಷ್ಟೂ ಗಾಳಿ ಎಂಜಿನ್ ಸೇರಿತೆಂದು ಲೆಕ್ಕ ಕೊಡುತ್ತದೆ. ಹೊಸ ಗಾಳಿ ಇಳಿದಿಲ್ಲ, ಹಾಗಾದರೆ ಇಜಿಆರ್ ಹರಿಯುತ್ತಿಲ್ಲ ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಆ ಕೋಡ್ ನೋಡಿ ಚೆನ್ನಾಗಿದ್ದ ಇಜಿಆರ್ ವಾಲ್ವ್ ಕಿತ್ತುಹಾಕಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಆಗಿರಬಹುದು. ಒಂದೇ ತೂತು ಎರಡು ಕೋಡ್‌ಗಳನ್ನೂ ವಿವರಿಸುತ್ತದೆ. ಕೆಟ್ಟ ಟರ್ಬೊ ಹಾಗೆ ಎರಡನ್ನೂ ವಿವರಿಸುವುದಿಲ್ಲ.

ಇನ್ನು ಸಾಬೀತುಪಡಿಸುವ ಕೆಲಸ. ಮುಂದಿನ ಸಲ ದೀಪ ಹೊತ್ತಿದಾಗ ಏನನ್ನೂ ಅಳಿಸಬೇಡಿ, ಯಾರಿಗೂ ಅಳಿಸಲು ಬಿಡಬೇಡಿ. ಡ್ಯಾಶ್‌ಬೋರ್ಡ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ ‘ಫ್ರೀಜ್ ಫ್ರೇಮ್’ ತೆರೆಯಿರಿ. ಮೊಬೈಲ್‌ಗೆ ಜೋಡಿಸುವ ಸಾಧಾರಣ ಸ್ಕ್ಯಾನರ್‌ಗಳಲ್ಲೂ ಇದು ಸಿಗುತ್ತದೆ. ದೋಷ ದಾಖಲಾದ ಕ್ಷಣದ ಆರ್‌ಪಿಎಂ, ವೇಗ, ಎಂಜಿನ್ ಹೊರೆ, ಕೂಲೆಂಟ್ ಶಾಖ, ಹೆಚ್ಚಿನ ಗಾಡಿಗಳಲ್ಲಿ ಮ್ಯಾನಿಫೋಲ್ಡ್ ಒತ್ತಡ ಮತ್ತು ಗಾಳಿಯ ಹರಿವು ಕೂಡ ಅಲ್ಲಿರುತ್ತವೆ. ಆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ. ಹರಿವು ಅಲ್ಲಿ ಇಲ್ಲದಿದ್ದರೆ ಜೊತೆಗೊಬ್ಬರನ್ನು ಕೂರಿಸಿಕೊಂಡು, ಸರಕಿನೊಂದಿಗೆ ಅದೇ ಏರಿನಲ್ಲಿ ಓಡಿಸಿ ಲೈವ್ ಡೇಟಾ ದಾಖಲಿಸಿ. ಚಾಲಕರೇ ಪರದೆ ನೋಡುತ್ತಾ ಓಡಿಸುವ ಸಾಹಸ ಬೇಡ.

ಈಗ ಒಂದು ಸಣ್ಣ ಲೆಕ್ಕ. ಉದಾಹರಣೆಗೆ ದಾಖಲೆಯಲ್ಲಿ 2400 ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ 148 ಕಿಲೊಪ್ಯಾಸ್ಕಲ್, ಒಳಗಿನ ಗಾಳಿಯ ಶಾಖ ಸುಮಾರು 50 ಡಿಗ್ರಿ ಸೆಲ್ಸಿಯಸ್ ಎಂದಿರಲಿ. ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆದುಕೊಳ್ಳುತ್ತದೆ. 2.5 ಲೀಟರಿನ ಎಂಜಿನ್ 2400 ಆರ್‌ಪಿಎಂನಲ್ಲಿ ನಿಮಿಷಕ್ಕೆ 3000 ಲೀಟರ್, ಅಂದರೆ ಸೆಕೆಂಡಿಗೆ 50 ಲೀಟರ್. ಆ ಒತ್ತಡ ಮತ್ತು ಶಾಖದಲ್ಲಿ ಒಂದು ಲೀಟರ್ ಗಾಳಿಯ ತೂಕ ಸುಮಾರು 1.6 ಗ್ರಾಂ. ಸಿಲಿಂಡರ್‌ಗಳು ಪೂರ್ತಿ ತುಂಬುವುದಿಲ್ಲವಾದ್ದರಿಂದ ಹತ್ತನೆಯ ಒಂದು ಪಾಲು ಕಳೆದರೆ ಎಂಜಿನ್ ಒಳಗೆ ನಿಜವಾಗಿ ಹೋಗುತ್ತಿರುವುದು ಸೆಕೆಂಡಿಗೆ ಸುಮಾರು 72 ಗ್ರಾಂ.

ಈ 72ನ್ನು ಮಾಸ್ ಏರ್‌ಫ್ಲೋ ಸೆನ್ಸರ್ ತೋರಿಸಿದ ಅಂಕಿಯೊಂದಿಗೆ ಹೋಲಿಸಿ. ಸೆನ್ಸರ್ 95 ಎಂದರೆ, ಒಳಬಂದ ಗಾಳಿಯಲ್ಲಿ ನಾಲ್ಕನೆಯ ಒಂದು ಪಾಲು ಎಂಜಿನ್ ತಲುಪದೆ ಕಾಣೆಯಾಗಿದೆ. ಅದು ಸೋರಿಕೆ, ಟರ್ಬೊ ತನ್ನ ಕೆಲಸ ಮಾಡುತ್ತಿದೆ, ಪೈಪು ಹಿಡಿದಿಟ್ಟುಕೊಳ್ಳುತ್ತಿಲ್ಲ. ಸೆನ್ಸರ್ ಕೂಡ 70ರ ಆಸುಪಾಸಿನಲ್ಲಿದ್ದರೆ ಗಾಳಿ ಸೋರುತ್ತಿಲ್ಲ, ಟರ್ಬೊ ನೂಕುತ್ತಲೇ ಇಲ್ಲ. 50 ಎಂದಿದ್ದರೆ, ಒಂದೋ ಇಜಿಆರ್ ತೆರೆದುಕೊಂಡೇ ನಿಂತು ಉಳಿದ ಜಾಗವನ್ನು ಸುಟ್ಟ ಹೊಗೆ ತುಂಬುತ್ತಿದೆ, ಇಲ್ಲವೇ ಸೆನ್ಸರ್ ಕಡಿಮೆ ಅಳೆಯುತ್ತಿದೆ. ಈ ಲೆಕ್ಕ ನಿಖರವಲ್ಲ; ಶಾಖದ ಸೆನ್ಸರ್ ಇಂಟರ್‌ಕೂಲರಿಗಿಂತ ಮುಂಚೆ ಇರುವ ಗಾಡಿಗಳಲ್ಲಿ ಒಳಗಿನ ಶಾಖವನ್ನು ಅಂದಾಜು ಮಾಡಬೇಕಾಗುತ್ತದೆ. ಹತ್ತು ಶೇಕಡಾ ಆಚೀಚೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆದರೆ ಯಾವ ದಿಕ್ಕಿನಲ್ಲಿ ಹುಡುಕಬೇಕು ಎಂಬುದನ್ನು ಇದು ಸ್ಪಷ್ಟವಾಗಿ ತೋರಿಸುತ್ತದೆ. ಎರಡು ಬಿಡಿಭಾಗ ಬದಲಿಸುವ ಮುಂಚೆ ಈ ಗುಣಾಕಾರವನ್ನು ಯಾರೂ ಮಾಡಲಿಲ್ಲವಲ್ಲ ಎಂಬುದೇ ನನಗೆ ಬೇಸರ.

ಒಂದು ಮುನ್ನೆಚ್ಚರಿಕೆ: ಲೆಕ್ಕಕ್ಕೆ ಮುಂಚೆ ಮ್ಯಾಪ್ ಸೆನ್ಸರ್ ನಂಬಿಕೆಗೆ ಅರ್ಹವೇ ಎಂದು ನೋಡಿಕೊಳ್ಳಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಅದರ ಅಳತೆ ಓದಿ. ಎಂಜಿನ್ ನಿಂತಿರುವಾಗ ಮ್ಯಾನಿಫೋಲ್ಡ್ ಒಳಗೆ ಹೊರಗಿನ ವಾಯುಭಾರವೇ ಇರುತ್ತದೆ: ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೊಪ್ಯಾಸ್ಕಲ್, 1000 ಮೀಟರ್ ಎತ್ತರದಲ್ಲಿ ಸುಮಾರು 90. ಗಾಡಿಯ ವಾಯುಭಾರ ಸೆನ್ಸರ್ ಮತ್ತು ಮ್ಯಾಪ್ ಸೆನ್ಸರ್ ಎರಡೂ ಆಗ ಒಂದೇ ಅಂಕಿಯ ಹತ್ತಿರ ಇರಬೇಕು. ಹತ್ತಾರು ಅಂತರವಿದ್ದರೆ ಸೆನ್ಸರ್ ಇಲ್ಲವೇ ಅದರ ವೈರಿಂಗ್ ಮೊದಲು ನೋಡಿ. ಡೀಸೆಲ್ ಎಂಜಿನ್ನಿನಲ್ಲಿ ಈ ಸೆನ್ಸರಿನ ತುದಿಗೆ ಮಸಿ ಮತ್ತು ಎಣ್ಣೆ ಮೆತ್ತಿಕೊಳ್ಳುವುದು ಸಾಮಾನ್ಯ. ಹಾಗೆ ಮೆತ್ತಿದರೆ ನಿಂತಾಗ ಸರಿಯಾಗಿ ಓದಿ, ಒತ್ತಡ ಏರುವಾಗ ತಡವಾಗಿ ಓದುತ್ತದೆ. ಬಿಚ್ಚಿ ಒಮ್ಮೆ ಕಣ್ಣಾರೆ ನೋಡಿಬಿಡಿ.

ಲೆಕ್ಕ ಸೋರಿಕೆಯನ್ನೇ ತೋರಿಸಿತು ಎನ್ನೋಣ. ಹುಡುಕುವುದು ಸುಲಭವಲ್ಲ, ಏಕೆಂದರೆ ಈ ಸೀಳುಗಳು ಎಂಜಿನ್ ಸುಮ್ಮನೆ ಓಡುವಾಗ ಮುಚ್ಚಿಕೊಂಡಿರುತ್ತವೆ. ಒತ್ತಡ ಏರಿ ರಬ್ಬರ್ ಉಬ್ಬಿದಾಗ ಮಾತ್ರ ಬಾಯಿ ಬಿಡುತ್ತವೆ. ಬಾನೆಟ್ ತೆರೆದು ಆಕ್ಸಿಲರೇಟರ್ ಒತ್ತಿ ನೋಡಿದರೆ ಏನೂ ಕಾಣದಿರುವುದು ಇದಕ್ಕೇ. ಟಾರ್ಚ್ ಹಿಡಿದು ಹೋಸ್‌ಗಳ ಕೆಳಭಾಗವನ್ನು, ಬಾಗಿದ ಜಾಗಗಳ ಒಳಮಗ್ಗುಲನ್ನು, ಕ್ಲಾಂಪ್ ಅಂಚುಗಳನ್ನು ಬೆರಳಾಡಿಸಿ ನೋಡಿ. ಎಂಜಿನ್ ತಣ್ಣಗಿರಲಿ, ನಿಂತಿರಲಿ. ಪೈಪಿನ ಒಳಗೆ ತೆಳುವಾಗಿ ಎಣ್ಣೆ ಇರುವುದು ಸಹಜ, ಅದು ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಗಿನ ಡಬ್ಬಿ) ಉಸಿರಿನಿಂದ ಬರುತ್ತದೆ. ಹೊರಗೆ ಒಂದು ಕೀಲಿನ ಸುತ್ತ ಹಸಿ ಎಣ್ಣೆ, ಅದರ ಮೇಲೆ ಧೂಳು ಮೆತ್ತಿದ್ದರೆ ಅಲ್ಲಿ ಗಾಳಿ ಹೊರಬರುತ್ತಿದೆ. ಪಿಕಪ್ ಗಾಡಿಗಳಲ್ಲಿ ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ತೂಗುತ್ತದೆ, ಇಂಟರ್‌ಕೂಲರ್ ಚಾಸಿಸ್ಸಿಗೋ ಬಾಡಿಗೋ ಬಿಗಿದಿರುತ್ತದೆ. ಹೊರೆ ಎಳೆಯುವಾಗಿನ ಎಂಜಿನ್ನಿನ ಪ್ರತಿ ತೂಗಾಟವನ್ನೂ ತಾಳಿಕೊಳ್ಳಬೇಕಾದುದು ನಡುವಿನ ಹೋಸ್. ಮೌಂಟ್ ಸವೆದಿದ್ದರೆ ಹೊಸ ಹೋಸ್ ಕೂಡ ಬಾಳುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿ.

ಕಣ್ಣಿಗೆ ಸಿಗದಿದ್ದರೆ ಒಳ್ಳೆಯ ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿ, ಅಥವಾ ಏರ್ ಫಿಲ್ಟರ್ ಕಡೆಯ ಬಾಯಿ ಮುಚ್ಚಿ ಒಳಗೆ ಹದವಾದ ಒತ್ತಡದ ಗಾಳಿ ತುಂಬಿ ಸೋಪು ನೀರು ಹಾಕಿ ನೋಡಲು ಹೇಳಿ. ಇಂಟರ್‌ಕೂಲರನ್ನು ಮರೆಯಬೇಡಿ, ವಿಶೇಷವಾಗಿ ಪ್ಲಾಸ್ಟಿಕ್ ತುದಿ ಮತ್ತು ಅಲ್ಯೂಮಿನಿಯಂ ಸೇರುವ ಜಾಗವನ್ನು. ಟೇಪು ಸುತ್ತಿ ಕಳುಹಿಸುವುದಾದರೆ ಬೇಡವೇ ಬೇಡ. ಮೊದಲ ಏರಿನಲ್ಲೇ ಕಿತ್ತುಬರುತ್ತದೆ.

ಲೆಕ್ಕ ಇನ್ನೊಂದು ಕಡೆ ವಾಲಿದರೆ, ಅಂದರೆ ಟರ್ಬೊ ನೂಕುತ್ತಲೇ ಇಲ್ಲ ಎಂದಾದರೆ, ಆಗಲೂ ಟರ್ಬೊ ಕೊನೆಯ ಅನುಮಾನಿತ. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದೆಯೇ, ಫಿಲ್ಟರಿನ ಹಿಂದಿನ ಹೋಸ್ ಹೊರೆಯಲ್ಲಿ ಒಳಕ್ಕೆ ಚಪ್ಪಟೆಯಾಗುತ್ತಿದೆಯೇ ನೋಡಿ. ಟರ್ಬೊ ಒತ್ತಡವನ್ನು ಹದದಲ್ಲಿಡುವ ರೆಕ್ಕೆಗಳನ್ನೋ ವೇಸ್ಟ್‌ಗೇಟನ್ನೋ (ಹೆಚ್ಚುವರಿ ಹೊಗೆಯನ್ನು ಬದಿಗೆ ಬಿಡುವ ಬಾಗಿಲು) ತಿರುಗಿಸುವ ಆಕ್ಚುಯೇಟರ್ ವ್ಯಾಕ್ಯೂಮ್‌ನಿಂದ ನಡೆಯುವುದಾದರೆ, ಬೆರಳಿಗಿಂತ ತೆಳುವಾದ ಒಂದು ರಬ್ಬರ್ ನಳಿಕೆ ಬಿರುಕು ಬಿಟ್ಟರೂ ಸಾಕು, ಇಡೀ ಟರ್ಬೊ ಸತ್ತಂತೆ ವರ್ತಿಸುತ್ತದೆ. ಕೈ ವ್ಯಾಕ್ಯೂಮ್ ಪಂಪ್ ಜೋಡಿಸಿ ಎಳೆದಾಗ ಅದರ ಕಡ್ಡಿ ಎಲ್ಲಿಯೂ ಸಿಕ್ಕಿಕೊಳ್ಳದೆ ನುಣುಪಾಗಿ ಚಲಿಸಬೇಕು, ಎಳೆತ ಇಳಿಯದೆ ನಿಲ್ಲಬೇಕು. ಎಳೆತ ನಿಂತು ಕಡ್ಡಿ ಮಾತ್ರ ಅರ್ಧದಲ್ಲಿ ಸಿಕ್ಕಿಕೊಂಡರೆ ರೆಕ್ಕೆಗಳಿಗೆ ಮಸಿ ಕಟ್ಟಿದೆ. ಸೈಲೆನ್ಸರ್ ಕಡೆ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಕಟ್ಟಿದ್ದರೂ ಟರ್ಬೊಗೆ ಉಸಿರುಕಟ್ಟುತ್ತದೆ. ಅದರ ಒತ್ತಡ ವ್ಯತ್ಯಾಸದ ಸೆನ್ಸರ್ ಎಂಜಿನ್ ನಿಂತಾಗ ಸೊನ್ನೆ ತೋರಿಸಬೇಕು. ಸೊನ್ನೆ ತೋರಿಸದ ಸೆನ್ಸರಿನ ಮಾತು ನಂಬಿ ಡಿಪಿಎಫ್ ಬದಲಿಸಬೇಡಿ.

ಟರ್ಬೊವನ್ನೇ ಪರೀಕ್ಷಿಸುವುದಾದರೆ, ತಣ್ಣಗಿನ ಎಂಜಿನ್ನಿನಲ್ಲಿ ಮುಂದಿನ ಹೋಸ್ ಬಿಚ್ಚಿ ಚಕ್ರವನ್ನು ಬೆರಳಲ್ಲಿ ಅಲುಗಾಡಿಸಿ. ಅಡ್ಡಡ್ಡಲಾಗಿ ಸ್ವಲ್ಪ ಆಟ ಇರುವುದು ಸಹಜ. ಹಿಂದೆ ಮುಂದೆ ಆಟ ಕೈಗೆ ಸಿಗಬಾರದು. ಆ ಚಕ್ರದ ರೆಕ್ಕೆಗಳ ಅಂಚು ಗೋಡೆಗೆ ಉಜ್ಜಿದ ಗುರುತು, ಮುರಿದ ತುದಿ ಇದ್ದರೆ ಮಾತ್ರ ಟರ್ಬೊ ತೀರಿತು ಎನ್ನಬಹುದು. ಆಗಲೂ ಅದು ಏಕೆ ತೀರಿತು ಎಂದು ಕೇಳಿ. ಎಣ್ಣೆಯ ನಳಿಕೆ ಕಟ್ಟಿಯೋ, ಫಿಲ್ಟರ್ ಡಬ್ಬಿಯ ಮುಚ್ಚಳ ಸರಿಯಾಗಿ ಕೂರದೆ ಧೂಳು ನುಗ್ಗಿಯೋ ಹಳೆಯದು ಹೋಗಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ವೈರಿಂಗ್ ಬಗ್ಗೆ ಒಂದು ಮಾತು. ದೋಷ ಏರಿನಲ್ಲಿ ಮಾತ್ರವಲ್ಲದೆ ಗುಂಡಿ ಹಾರಿದಾಗ, ಮಳೆಯಲ್ಲಿ, ನೀರು ತುಂಬಿದ ರಸ್ತೆ ದಾಟಿದ ಮೇಲೆ, ಹೀಗೆ ಕಂಡಕಂಡಲ್ಲಿ ಬರುತ್ತಿದ್ದರೆ ಪೈಪು ಬಿಟ್ಟು ಕನೆಕ್ಟರ್ ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ ಲೈವ್ ಡೇಟಾ ನೋಡುತ್ತಾ ತಂತಿಗಳನ್ನು ಮೆಲ್ಲಗೆ ಅಲುಗಾಡಿಸಿದರೆ ಅಂಕಿ ಜಿಗಿಯುವ ಜಾಗ ಸಿಗುತ್ತದೆ. ಒಮ್ಮೆಲೇ ಸಂಬಂಧವಿಲ್ಲದ ಐದಾರು ಕೋಡ್ ಬಂದರೆ ಐದಾರು ಸೆನ್ಸರ್ ಕೆಟ್ಟಿವೆ ಎಂದುಕೊಳ್ಳಬೇಡಿ. ಹಲವು ಸೆನ್ಸರ್‌ಗಳು ಒಂದೇ 5 ವೋಲ್ಟ್ ಪೂರೈಕೆಯನ್ನು ಹಂಚಿಕೊಂಡಿರುತ್ತವೆ. ಒಂದು ಶಾರ್ಟ್ ಆದರೆ ಎಲ್ಲವೂ ಕೂಗುತ್ತವೆ. ಬ್ಯಾಟರಿಯ ಅರ್ತ್ ತಂತಿ ಎಂಜಿನ್ನಿಗೂ ಚಾಸಿಸ್ಸಿಗೂ ಸೇರುವ ಬೋಲ್ಟ್‌ಗಳು ತುಕ್ಕು ಹಿಡಿದಿದ್ದರೂ ಇದೇ ಗಲಾಟೆ. ಆಮೇಲೆ ಹಾಕಿಸಿದ ಲೈಟು, ಟ್ರೈಲರ್ ಸಂಪರ್ಕಗಳಿಗೆ ಎಲ್ಲಿಂದ ತಂತಿ ಕಡಿದು ಜೋಡಿಸಿದ್ದಾರೆ ಎಂಬುದನ್ನೂ ನೋಡಿ.

ಹುಡುಕಾಟದ ಹುರುಪಿನಲ್ಲಿ ಒಂದು ಕೆಲಸ ಮಾತ್ರ ಮಾಡಬೇಡಿ: ಎಂಜಿನ್ ಓಡುವಾಗ ಡೀಸೆಲ್ ರೈಲ್ ಮತ್ತು ಇಂಜೆಕ್ಟರ್ ಪೈಪುಗಳ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡುವುದು. ಹೊರೆಯಲ್ಲಿ ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ. ಕೂದಲೆಳೆಯ ಸೋರಿಕೆಯೂ ಚರ್ಮ ತೂರಿ ಡೀಸೆಲನ್ನು ಒಳಗೆ ನುಗ್ಗಿಸಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ.

ಪೆಟ್ರೋಲ್ ಪಿಕಪ್ ಇರುವವರು ಈ ಉತ್ತರ ಓದುತ್ತಿದ್ದರೆ: ನಿಮಗೆ ಇದೇ ಕೆಲಸವನ್ನು ‘ಫ್ಯೂಯೆಲ್ ಟ್ರಿಮ್’ ಅಂಕಿ, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಳತೆ, ಮಾಡಿಕೊಡುತ್ತದೆ. ಪಿ0171 (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಬಂದು, ಎಂಜಿನ್ ಸುಮ್ಮನೆ ಓಡುವಾಗ ಟ್ರಿಮ್ ಬಹಳ ಏರಿದ್ದು 2500 ಆರ್‌ಪಿಎಂನಲ್ಲಿ ಇಳಿದರೆ ವ್ಯಾಕ್ಯೂಮ್ ಸೋರಿಕೆ ಹುಡುಕಿ. ಹೊರೆ ಹೆಚ್ಚಿದಂತೆ ಏರಿದರೆ ಇಂಧನ ಪೂರೈಕೆ ಅಥವಾ ಕೊಳೆಯಾದ ಮಾಸ್ ಏರ್‌ಫ್ಲೋ ಸೆನ್ಸರ್. ಪಿ0420 ಕಂಡ ಕೂಡಲೇ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸುವ ಮುಂಚೆ ಸೈಲೆನ್ಸರ್ ಸೋರಿಕೆ ಮತ್ತು ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ನೋಡಿ. ದೀಪ ಮಿನುಗುತ್ತಿದ್ದರೆ ಮಿಸ್‌ಫೈರ್ ಕನ್ವರ್ಟರನ್ನು ಸುಡುತ್ತಿದೆ ಎಂದರ್ಥ. ಆಕ್ಸಿಲರೇಟರ್ ಬಿಟ್ಟು ಬದಿಗೆ ನಿಲ್ಲಿಸಿ.

ನಿಮ್ಮ ಗಾಡಿಗೆ ಮರಳೋಣ. ದುರಸ್ತಿ ಆದ ಮೇಲೆ ಕೋಡ್ ಅಳಿಸಿ, ಅದೇ ಹೊರೆ, ಅದೇ ಏರು, ಅದೇ ಗೇರಿನಲ್ಲಿ ಮತ್ತೆ ದಾಖಲಿಸಿ. ಸ್ಕ್ಯಾನರ್ ಕೇಳಿದ ಒತ್ತಡ ಮತ್ತು ಸಿಕ್ಕ ಒತ್ತಡ ಎರಡನ್ನೂ ತೋರಿಸುವಂತಿದ್ದರೆ ಎರಡೂ ಗೆರೆಗಳು ಜೊತೆಜೊತೆಗೆ ಏರಬೇಕು. ಮರುದಿನ ‘ಪೆಂಡಿಂಗ್’ ಕೋಡ್ ಪಟ್ಟಿ ನೋಡಿ. ದೋಷ ಉಳಿದಿದ್ದರೆ ದೀಪಕ್ಕಿಂತ ಮುಂಚೆ ಅಲ್ಲಿ ಕಾಣಿಸಿಕೊಳ್ಳುತ್ತದೆ. ಗ್ಯಾರೇಜಿನ ಅಂಗಳದಲ್ಲಿ ದೀಪ ಆರಿರುವುದನ್ನು ತೋರಿಸಿ ಬೀಗದ ಕೈ ಕೊಟ್ಟರೆ, ಈ ದಾಖಲೆ ಎಲ್ಲಿ ಎಂದು ಕೇಳಿ.

ಅಲ್ಲಿಯವರೆಗೆ ಸರಕು ಹೊರಿಸಬಹುದೇ ಎಂದು ಕೇಳಿದ್ದೀರಿ. ಎಣ್ಣೆ ಮಟ್ಟ, ಕೂಲೆಂಟ್ ಶಾಖ ಸರಿಯಿದ್ದು, ಎಣ್ಣೆ ಸುಟ್ಟ ನೀಲಿ ಹೊಗೆ ಇಲ್ಲದಿದ್ದರೆ, ಟರ್ಬೊದಿಂದ ಲೋಹ ಉಜ್ಜುವ ಸದ್ದು ಬರದಿದ್ದರೆ, ಹಗುರ ಹೊರೆಯಲ್ಲಿ ಕೆಲವು ದಿನ ಓಡಿಸಬಹುದು. ನೀಲಿ ಹೊಗೆಯೋ ಉಜ್ಜುವ ಸದ್ದೋ ಕಂಡರೆ ಎಂಜಿನ್ ಆಗಲೇ ನಿಲ್ಲಿಸಿ, ಎಳೆಸಿಕೊಂಡು ಹೋಗಿ. ಟರ್ಬೊದಿಂದ ಸೋರಿದ ಎಣ್ಣೆಯನ್ನೇ ಕುಡಿದು ಡೀಸೆಲ್ ಎಂಜಿನ್ ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವಿದೆ. ಕಪ್ಪು ಹೊಗೆ ಬರುತ್ತಿದ್ದರೂ ತಡಮಾಡಬೇಡಿ. ಅದು ಸೋರಿಕೆಯ ಇನ್ನೊಂದು ಗುರುತು, ಮತ್ತು ಆ ಮಸಿಯೆಲ್ಲ ಡಿಪಿಎಫ್ ಒಳಗೆ ಸೇರುತ್ತಿರುತ್ತದೆ. ಪೂರ್ತಿ ಹೊರೆ ಹಾಕಿ ಏರು ಹತ್ತುವುದು ಮಾತ್ರ ಸದ್ಯಕ್ಕೆ ಬೇಡ. ಮುಂದೆ ಹೋಗುತ್ತಿರುವ ವಾಹನವನ್ನು ದಾಟುವ ನಡುವೆ ಶಕ್ತಿ ಕುಸಿದರೆ ಹಿಂದಕ್ಕೆ ಸರಿಯಲು ಜಾಗವಿರುವುದಿಲ್ಲ.